ಅರಳಿ ಎಲೆಯ ಸೊಟ್ಟ ಮೂಗು

ಹೊಳೆದಂಡೆಯಲ್ಲಿ ಒಂದು ಅರಳಿ ಮರ. ಮರದ ಕೆಳಗೆ ಒಂದು ಗುಡಿಸಲು. ಗುಡಿಸಲಲ್ಲಿ ಹಂಪವ್ವ ಎಂಬ ಮುದುಕಿ. ಎಲೆಯ ಮೇಲೆ ಚಿತ್ರ ಬರೆಯುವುದರಲ್ಲಿ ಆ ಸೀಮೆಗೆಲ್ಲ ಅವಳೇ ಗುರು. ಬಾಯಿ ಮಾತ್ರ ಮೆಣಸಿನಕಾಯಿ.

ಅವಳ ಹತ್ತಿರ ತಿಪ್ಪೇಶಿ ಎಂಬ ಶಿಷ್ಯ ಆರು ವರ್ಷದಿಂದ ಇದ್ದ. ಮೊದಲ ಮೂರು ವರ್ಷ ಅವನಿಗೆ ಕುಂಚ ಮುಟ್ಟಲು ಬಿಡಲಿಲ್ಲ ಆಕೆ. ಏಣಿ ಹಾಕಿ ಮರದಿಂದ ಎಲೆ ಕಿತ್ತು ಗಡಿಗೆ ನೀರಲ್ಲಿ ತಿಂಗಳುಗಟ್ಟಲೆ ನೆನೆಹಾಕುವುದು, ಕೊಳೆತ ಹಸಿರನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ ತೆಗೆಯುವುದು, ಉಳಿದ ನರಗಳ ಬಲೆಯನ್ನು ಬಟ್ಟೆಯ ನಡುವೆ ಇಟ್ಟು ಒಣಗಿಸುವುದು. ಇಷ್ಟೇ ಕೆಲಸ. ಆ ನಾತಕ್ಕೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಅವ್ವಾರೇ, ಚಿತ್ರ ಯಾವಾಗ ಕಲಿಸ್ತೀರಿ?"

"ಎಲೆ ನೋಡಿದೆಯಾ?"

"ನೋಡಿದೆ."

"ನೋಡಿಲ್ಲ. ಹೋಗು."

ಎಲೆಯ ನಡುನರ ಹೇಗೆ ಹೋಗುತ್ತದೋ ಚಿತ್ರವೂ ಹಾಗೇ ಹೋಗಬೇಕು. ಅದು ಅವಳ ಕಟ್ಟಳೆ. ಮುಖ ಬರೆಯುವುದಾದರೆ ನಡುನರ ಸರಿಯಾಗಿ ಮೂಗಿನ ಮೇಲೇ ಬರಬೇಕು. ತಕ್ಕ ಎಲೆ ಸಿಗುವವರೆಗೆ ಕಾಯಬೇಕು, ಅಷ್ಟೇ. ಎಲೆಯ ಮೇಲೆ ಜಬರದಸ್ತು ನಡೆಯುವುದಿಲ್ಲ.

ಒಂದು ದಿನ ಪಾಳೇಗಾರ ದೊರೆಯಿಂದ ಅಪ್ಪಣೆ ಬಂತು. ದೊರೆಗೆ ಎರಡನೇ ಮದುವೆಯ ಯೋಚನೆ. ಹೆಣ್ಣಿನ ಮನೆಗೆ ಕಳಿಸಲು ಅವನ ಮುಖ ಅರಳಿ ಎಲೆಯ ಮೇಲೆ ಬೇಕಂತೆ.

ಹಂಪವ್ವ ಶಿಷ್ಯನ ಕಡೆ ತಿರುಗಿದಳು. "ಈ ಸಲ ನೀನೇ ಬರಿ."

ತಿಪ್ಪೇಶಿಗೆ ಕಾಲು ನೆಲದ ಮೇಲೆ ನಿಲ್ಲದಾಯಿತು. ಅವನು ಒಬ್ಬನೇ ಬರೆಯುವ ಮೊದಲ ಚಿತ್ರ ಅದು.

ಆದರೆ ದೊರೆಯ ಮೂಗು ಸೊಟ್ಟ. ಹರೆಯದಲ್ಲಿ ಗರಡಿಮನೆಯಲ್ಲಿ ಕುರಿ ಕಾಯುವವನೊಬ್ಬ ಎತ್ತಿ ಒಗೆದಾಗ ಮುರಿದು ಎಡಕ್ಕೆ ವಾಲಿಕೊಂಡದ್ದು. ಊರಿಗೆಲ್ಲ ಗೊತ್ತು. ಬಾಯಿ ಬಿಟ್ಟು ಹೇಳುವ ಗಂಡಸಿಲ್ಲ. ಅರಮನೆಯಲ್ಲಿ ಕನ್ನಡಿ ಕೂಡ ಇಲ್ಲವಂತೆ, ಪುಣ್ಯಾತ್ಮ ಎಲ್ಲ ತೆಗೆಸಿಬಿಟ್ಟಿದ್ದನಂತೆ!

ತಿಪ್ಪೇಶಿ ನಾಲ್ಕು ತಿಂಗಳು ಹುಡುಕಿ, ನಡುನರ ಎಡಕ್ಕೆ ವಾಲಿದ ಒಂದೇ ಒಂದು ಎಲೆ ಕಂಡುಹಿಡಿದ. ನೆನೆಸಿದ, ಒಣಗಿಸಿದ, ಬರೆದ. ಬಿಸಿಲಿಗೆ ಹಿಡಿದರೆ ದೊರೆ ಈಗ ಸೀನಿಬಿಡುತ್ತಾನೇನೋ ಅನ್ನುವ ಹಾಗಿತ್ತು.

ಹಂಪವ್ವ ಬಹಳ ಹೊತ್ತು ನೋಡಿ "ಹ್ಞೂಂ" ಅಂದಳು.

ಆರು ವರ್ಷದಲ್ಲಿ ಅದೇ ಮೊದಲ ಹ್ಞೂಂ. ತಿಪ್ಪೇಶಿ ಹೊಳೆಯ ಹತ್ತಿರ ಹೋಗಿ, ಸಂತೋಷಕ್ಕೆ ಒಬ್ಬನೇ ಅತ್ತು ಬಂದ.

ಮಾರನೇ ದಿನ ಅರಮನೆಯ ಪಾರುಪತ್ಯಗಾರ ಭುಜಂಗರಾಯ ಚಿತ್ರ ಒಯ್ಯಲು ಬಂದ. ನೋಡಿದ್ದೇ ತಡ, ಮುಖ ಬಿಳಿಚಿಕೊಂಡಿತು.

"ಇದೇನೋ ಇದು?"

"ದೊರೆಗಳ ಮುಖ, ಸ್ವಾಮಿ."

"ಮೂಗು?"

"ಅದೂ ದೊರೆಗಳದೇ."

"ನಿನ್ನ ತಲೆ ಸರಿಯಾಗಿದೆಯೇನೋ? ಇದನ್ನ ತಗೊಂಡು ಹೋದರೆ ಮೊದಲು ಹೋಗೋದು ನನ್ನ ತಲೆ!" ಅವನು ಮೇಲೆ ನೋಡಿದ. ಮರ ಸುಮ್ಮನೆ ಗಾಳಿಗೆ ಅಲ್ಲಾಡುತ್ತಿತ್ತು. "ಮೂರು ದಿನ ಕೊಡ್ತೀನಿ. ಮೂಗು ನೆಟ್ಟಗಾಗಬೇಕು. ಇಲ್ಲದಿದ್ದರೆ ಈ ಮರ ನೆಲಕ್ಕೆ. ಸುತ್ತ ನಾಲ್ಕು ಹರದಾರಿಯಲ್ಲಿ ಇನ್ನೊಂದು ಅರಳಿ ಇಲ್ಲ, ನೆನಪಿರಲಿ."

ಅವನು ಹೋದ ಮೇಲೆ ತಿಪ್ಪೇಶಿ ಗುರುವಿನ ಮುಂದೆ ಕೂತ.

"ಏನು ಮಾಡಲಿ, ಅವ್ವಾರೇ?"

"ಚಿತ್ರ ಬರೆದವರು ಯಾರು?"

"ನಾನು."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯ?"

ಎರಡನೇ ದಿನ ಅವನು ಇನ್ನೊಂದು ಚಿತ್ರ ಬರೆದು ತಂದ. ಒಣಗಿಸಿಟ್ಟ ಎಲೆಗಳಲ್ಲೇ ಒಂದು. ನಡುನರ ನೆಟ್ಟಗೆ. ಅದರ ಮೇಲೆ ಮೂಗೂ ನೆಟ್ಟಗೆ.

ಹಂಪವ್ವ ಬಿಸಿಲಿಗೆ ಹಿಡಿದು ನೋಡಿದಳು. "ಯಾರಪ್ಪಾ ಇವರು? ಒಳ್ಳೇ ಚೆಲುವಾಂತ ಚೆನ್ನಿಗ!"

"ದೊರೆ, ಅವ್ವಾರೇ."

"ಹೌದಾ! ಮೊದಲಿನ ಎಲೆ ಹುಡುಕೋಕೆ ನಿನಗೆ ಎಷ್ಟು ದಿನ ಬೇಕಾಯ್ತು?"

"ನಾಲ್ಕು ತಿಂಗಳು."

"ಇದಕ್ಕೆ?"

"ಕೈ ಹಾಕಿದ ಕೂಡಲೇ ಸಿಕ್ಕಿತು."

"ಸಿಗುತ್ತೆ, ಸಿಗುತ್ತೆ. ಇಂಥವು ಬೇಕಾದಷ್ಟು ಸಿಗ್ತವೆ."

ತಿಪ್ಪೇಶಿಗೆ ರೇಗಿಹೋಯಿತು. "ಒಂದು ಮೂಗು, ಅವ್ವಾರೇ! ಒಂದು ಮೂಗಿಗೋಸ್ಕರ ಇಡೀ ಮರ ಕಳಕೊಳ್ಳಬೇಕಾ? ನಿಮ್ಮ ಗುರುಗಳು, ಅವರ ಗುರುಗಳು, ಎಲ್ಲ ಇದರ ಕೆಳಗೇ ಕೂತವರಲ್ಲವಾ? ನಿಮಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ ಕಣಪ್ಪಾ." ಅವಳು ಮರದ ಬೊಡ್ಡೆಗೆ ಕೈ ಊರಿದಳು. "ಐವತ್ತು ವರ್ಷ ಈ ಎಲೆಗಳ ಸದ್ದು ಕೇಳಿಕೊಂಡೇ ಮಲಗಿದವಳು ನಾನು. ಇದು ಬಿದ್ದರೆ ನನ್ನ ಅರ್ಧ ಜೀವ ಹೋಗುತ್ತೆ. ನಿನಗಿಂತ ಹೆಚ್ಚು ಭಯ ನನಗಿದೆ."

"ಹಾಗಾದರೆ ನೆಟ್ಟಗಿನದನ್ನೇ ಕೊಟ್ಟುಬಿಡೋಣ."

"ಕೊಡು. ನಾನೇನು ಬೇಡ ಅಂದೆನಾ? ಒಂದು ಮಾತು ಹೇಳು, ಸಾಕು. ಆ ಹೆಣ್ಣುಮಗಳು ಈ ಎಲೆ ನೋಡಿ ಮದುವೆಗೆ ಒಪ್ಪುತಾಳೆ. ಮದುವೆ ದಿನ ಅಂತರಪಟ ಸರಿಯುತ್ತೆ. ಎದುರಿಗೆ ಬೇರೆ ಮುಖ. ಆಗ ಅವಳು ಶಾಪ ಹಾಕೋದು ದೊರೆಗೋ, ನಿನಗೋ?"

ತಿಪ್ಪೇಶಿ ಎರಡೂ ಎಲೆ ಎದುರಿಗೆ ಇಟ್ಟುಕೊಂಡು ಕೂತ. ಮುದ್ದೆ ಆರಿಹೋಯಿತು, ಮುಟ್ಟಲಿಲ್ಲ. ಹಂಪವ್ವ ಉಣ್ಣು ಅಂತಲೂ ಅನ್ನಲಿಲ್ಲ.

ಮೂರನೇ ದಿನ ಬೆಳಗಾಗುತ್ತಲೇ ಭುಜಂಗರಾಯ ಬಂದ. ಹಿಂದೆ ಕೊಡಲಿ ಹಿಡಿದ ನಾಲ್ಕು ಜನ.

ತಿಪ್ಪೇಶಿ ಎಲೆ ಕೊಟ್ಟ.

"ಮೂಗು ಇನ್ನೂ ಸೊಟ್ಟಗೇ ಇದೆಯಲ್ಲೋ!"

"ಹೌದು ಸ್ವಾಮಿ. ನೆಟ್ಟಗಿನದೂ ಒಂದು ಬರೆದಿದ್ದೆ. ಹರಿದು ಹೊಳೆಗೆ ಹಾಕಿದೆ."

"ಯಾಕೆ?"

"ಅದು ದೊರೆಗಳದಲ್ಲ. ಯಾರದೋ."

"ಮರ ಹೋಗುತ್ತೆ ಅಂತ ಗೊತ್ತು ತಾನೇ?"

"ಗೊತ್ತು." ತಿಪ್ಪೇಶಿ ಮರದ ಕಡೆ ಒಮ್ಮೆ ನೋಡಿದ. "ಆದರೂ ಅದನ್ನ ನಾನು ಬರೆಯಲ್ಲ."

ಭುಜಂಗರಾಯ ಕೈ ಬೀಸಿದ. ಕೊಡಲಿಯವರು ಮುಂದೆ ಬರಲಿಲ್ಲ. ಅರಳಿ ಮರಕ್ಕೆ ಕೊಡಲಿ ಹಾಕುವುದೆಂದರೆ ಹುಡುಗಾಟವೇ? ಅವರಲ್ಲೊಬ್ಬ ಕೊಡಲಿ ನೆಲಕ್ಕಿಟ್ಟ. "ಈ ಮರ ಸುತ್ತಿಯೇ ನನ್ನ ಹೆಂಡತಿ ಬಸಿರಾಗಿದ್ದು, ಬುದ್ಧಿ. ನನ್ನ ಕೈಲಾಗಲ್ಲ" ಅಂದವನೇ ಹಿಂದೆ ತಿರುಗಿ ನೋಡದೆ ನಡೆದುಬಿಟ್ಟ.

"ಅವನ ಗುಡಿಸಲು ಸಂಜೆಯೊಳಗೆ ಇರಲ್ಲ. ನಿಮ್ಮದೂ ಹಾಗೇ ಆಗಬೇಕಾ?" ಎಂದು ಭುಜಂಗರಾಯ ಉಳಿದವರನ್ನು ಗದರಿದ.

ಮೂವರಲ್ಲಿ ಹಿರಿಯ ಹಂಪವ್ವನ ಕಾಲಿಗೆ ಬಿದ್ದ. "ತಪ್ಪಾಯ್ತು ತಾಯಿ. ಮಕ್ಕಳೊಂದಿಗ ನಾನು."

ಅವಳು ಅವನ ತಲೆ ಸವರಿದಳು. "ಮರಕ್ಕೆ ಕೈ ಮುಗಿದು ಕಡಿ, ಮಗನೇ. ಪಾಪ ಕಡಿಯೋನಿಗಲ್ಲ, ಕಡಿಸೋನಿಗೆ."

ಭುಜಂಗರಾಯ ಅತ್ತ ಮುಖ ಮಾಡಿ ನಿಂತ.

ಹೊತ್ತು ಇಳಿಯುವಾಗ ಮರ ಬಿತ್ತು. ನೆಲ ಅದುರಿತು. ಗೂಡು ಕಳಕೊಂಡ ಹಕ್ಕಿಗಳು ಹೊಳೆಯ ಮೇಲೆಲ್ಲ ಕಿರುಚಿಕೊಂಡು ಹಾರಾಡಿದವು. ತಿಪ್ಪೇಶಿ ಮಕ್ಕಳ ಹಾಗೆ ಗೋಳೋ ಎಂದು ಅತ್ತ. ಹಂಪವ್ವನೂ ಅತ್ತಳು. ನಾಲ್ಕು ಜನ ನೋಡುತ್ತಾರೆ ಎಂಬ ನಾಚಿಕೆ ಅವಳಿಗಿರಲಿಲ್ಲ.

"ನನ್ನಿಂದಲೇ ಅವ್ವಾರೇ, ಎಲ್ಲ ನನ್ನಿಂದಲೇ."

"ಹೌದು, ನಿನ್ನಿಂದಲೇ" ಅಂದಳು ಅವಳು, ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡು. "ನನ್ನ ಗುರು ಇದ್ದಿದ್ದರೆ ನಿನ್ನನ್ನ ಹೆಗಲ ಮೇಲೆ ಹೊತ್ತುಕೊಂಡು ಕುಣೀತಿದ್ದರು."

ಭುಜಂಗರಾಯ ಕುದುರೆ ಹತ್ತಿದ. "ಆಯ್ತಲ್ಲ? ಇನ್ನು ಅದೇನು ಬರೀತೀರೋ, ಯಾವುದರ ಮೇಲೆ ಬರೀತೀರೋ, ನಾನೂ ನೋಡ್ತೀನಿ."

ಹಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿದ್ದ ಮರದ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದಳು. ದಂಡೆಯ ಉದ್ದಕ್ಕೂ ಮೊಣಕಾಲುದ್ದ ಎಲೆ. ಏಣಿಗೂ ಎಟುಕದ ಕೊಂಬೆಗಳ ಎಲೆ, ಈ ತನಕ ಯಾರೂ ಹತ್ತಿರದಿಂದ ನೋಡದ ಎಲೆ. ಅವಳು ಬಗ್ಗಿ ಒಂದನ್ನು ಎತ್ತಿ ಇಳಿಬಿಸಿಲಿಗೆ ಹಿಡಿದಳು. ಬಿಸಾಡಿದಳು. ಇನ್ನೊಂದು ಹಿಡಿದಳು. ಅದರ ನಡುನರ ಎಡಕ್ಕೆ ವಾಲಿತ್ತು.

"ತಿಪ್ಪೇಶಿ, ಅಳೋದು ಆಮೇಲೆ. ಊರೊಳಗೆ ಹೋಗಿ ಇದ್ದಬದ್ದ ಗಡಿಗೆ ಎಲ್ಲ ತರೋಕೆ ಹೇಳು."

"ಯಾಕೆ, ಅವ್ವಾರೇ?"

ಅವಳು ಕುದುರೆಯ ಮೇಲಿದ್ದವನಿಗೂ ಕೇಳುವ ಹಾಗೆ ಹೇಳಿದಳು:

"ದೊರೆಗಳು ಇಷ್ಟೊಂದು ಎಲೆ ಒಂದೇ ಸಲಕ್ಕೆ ಕೊಡಿಸಿದ್ದಾರೆ. ಆ ಹೆಣ್ಣುಮಗಳ ಊರಿನವರೆಗೂ ಮನೆಗೊಂದು ಮೂಗು ಬರೆದು ಕೊಡೋಣ."