ಹೊನ್ನಜ್ಜಿಯ ಲೇಖನಕ್ಕೆ ಆಧಾರ

ಹೇಳಿದ್ದನ್ನೇ, ಹೇಳಿದಷ್ಟನ್ನೇ, ಒಂದಕ್ಷರ ಬಿಡದೆ ಮಾಡುವ ಮಗನನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ಕಂಬದೂರಿನ ಮುದ್ದಯ್ಯನ ಕತೆ ಕೇಳಿ. ವಯಸ್ಸು ಮೂವತ್ತೆರಡು. ಬುದ್ಧಿ ನಿಧಾನ, ಬೆರಳು ಮಾತ್ರ ಚುರುಕು. ಫೋನಿನಲ್ಲಿ ಕನ್ನಡ ಒತ್ತಲು ಕೂತನೆಂದರೆ ಬಾಣಲೆಯಲ್ಲಿ ಜೋಳ ಅರಳಿದ ಹಾಗೆ, ಪಟಪಟ ಪಟಪಟ.

ತಾಯಿ ಕಮಲಾಕ್ಷಮ್ಮ ಮೇಷ್ಟರಾಗಿ ನಿವೃತ್ತರಾದವರು. ಊರಿನ ಮಕ್ಕಳಿಗೆಲ್ಲ ಕಾಗುಣಿತ ಕಲಿಸಿದ ಆಕೆಗೆ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಲೋಕಜ್ಞಾನ ಕಲಿಸಲಾಗಲಿಲ್ಲ. ಅದೊಂದು ಕೊರಗು. ಇನ್ನೊಂದು ಕೊರಗು ಹೊನ್ನಜ್ಜಿಯದು.

ಹೊನ್ನಜ್ಜಿ ಊರಿನ ಸೂಲಗಿತ್ತಿ. ಐವತ್ತು ವರ್ಷ ಊರಿನ ಹೆರಿಗೆಯೆಲ್ಲ ಅವಳ ಕೈಯಲ್ಲೇ. ಈಗ ತೊಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಅವಳ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಹೋಗುವುದರೊಳಗೆ ಆ ಹೆಸರು ಒಂದು ಕಡೆ ಬರಹದಲ್ಲಿ ನಿಲ್ಲಬೇಕು, ಅದನ್ನು ತಾನೇ ಅವಳಿಗೆ ಓದಿ ಹೇಳಬೇಕು ಎಂದು ಕಮಲಾಕ್ಷಮ್ಮನ ಹಟ.

"ಮುದ್ದಾ, ಎಲ್ಲರೂ ಸೇರಿ ಬರೆಯುವ ವಿಕಿ ಅಂತ ವಿಶ್ವಕೋಶ ಇದೆಯಲ್ಲ, ಅದರಲ್ಲಿ ಹೊನ್ನಜ್ಜಿಯ ಬಗ್ಗೆ ಬರಿ. ಪ್ರೀತಿಯಿಂದ ಬರಿ!"

"ಹಾಗೇ ಆಗಲಿ ಅಮ್ಮ."

ಬರೆದ. 'ಹೊನ್ನಜ್ಜಿ ಬಂಗಾರ. ಹೊನ್ನಜ್ಜಿ ದೇವತೆ. ಹೊನ್ನಜ್ಜಿಯಂಥವರು ಮೂರು ಲೋಕದಲ್ಲಿಲ್ಲ.' ಬೆಳಗಾಗುವಷ್ಟರಲ್ಲಿ ಲೇಖನ ಮಾಯ! ವಿಕಿಯ ಹಿರಿಯ ಸದಸ್ಯರೊಬ್ಬರು ಒಂದು ಚೀಟಿ ಬಿಟ್ಟಿದ್ದರು: 'ಹೊಗಳಿಕೆ ಬೇಡ. ತಟಸ್ಥವಾಗಿ ಬರೆಯಿರಿ.'

"ಮಂಕೇ!" ಎಂದರು ಕಮಲಾಕ್ಷಮ್ಮ. "ಅಷ್ಟು ಹೊಗಳ್ತಾರೇನೋ? ಯಾರ ಬಗ್ಗೆಯೇ ಆಗಲಿ, ಒಳ್ಳೆಯದನ್ನೂ ಹೇಳು, ಕೆಟ್ಟದ್ದನ್ನೂ ಹೇಳು. ಎರಡೂ ಕಡೆ ಸಮ ಇರಬೇಕು."

"ಹಾಗೇ ಆಗಲಿ ಅಮ್ಮ."

ಮತ್ತೆ ಬರೆದು ವಿಕಿಗೆ ಹಾಕಿದ. ಸಂಜೆ ಪಕ್ಕದ ಮನೆಯ ಪಾರ್ವತಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಗಂಡಿನ ಸೋದರಮಾವ ಜಗುಲಿಯಲ್ಲಿ ಮುದ್ದಯ್ಯನನ್ನು ಮೆಲ್ಲಗೆ ಕೇಳಿದ: "ಹುಡುಗಿ ಹೇಗಪ್ಪ?"

"ಮಹಾ ಸಾಧು ಅಂತ ಅವರಮ್ಮ ಹೇಳ್ತಾರೆ. ಮಹಾ ಜಗಳಗಂಟಿ ಅಂತ ಹಾಲಿನವಳು ಹೇಳ್ತಾಳೆ. ಎರಡೂ ಕಡೆ ಸಮ ಇದೆ ಮಾವಯ್ಯ!"

ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಗಂಡಿನವರು ಚಪ್ಪಲಿ ಮೆಟ್ಟಿದರು. ಪಾರ್ವತಕ್ಕ ಕಾಂಪೌಂಡಿನ ಆಚೆಯಿಂದಲೇ ಕೂಗಿದಳು: "ಮೇಷ್ಟ್ರಮ್ಮಾ, ನಿಮ್ಮ ಮಗನ ಬಾಯಿಗೆ ಬೀಗ ಹಾಕ್ರೀ!"

ಕಮಲಾಕ್ಷಮ್ಮ ಮಗನ ಕಿವಿ ಹಿಂಡಿದರು. "ಯಾರೋ ಅಂದದ್ದನ್ನೆಲ್ಲ ಆಡ್ತಾರೇನೋ? ನೋಡು, ನಿನ್ನ ಲೇಖನದ ಒಂದೊಂದು ಸಾಲಿನ ಪಕ್ಕದಲ್ಲೂ 'ಆಧಾರ ಬೇಕಾಗಿದೆ' ಅಂತ ಸಣ್ಣಗೆ ಬರೆದಿದ್ದಾರೆ. ಆಧಾರವಿಲ್ಲದೆ ಏನನ್ನೂ ಒಪ್ಪಬೇಡ. ಸಂಬಂಧವಿಲ್ಲದ ಇಬ್ಬರು ಹೇಳಿದರೆ ಮಾತ್ರ ನಿಜ. ಮನೆಯವರ ಮಾತು ಲೆಕ್ಕಕ್ಕಿಲ್ಲ!"

"ಹಾಗೇ ಆಗಲಿ ಅಮ್ಮ."

ಎರಡು ದಿನ ಕಳೆಯಿತು. ಕಿರಾಣಿ ಅಂಗಡಿಯ ಬಸಲಿಂಗಪ್ಪನ ತಂದೆ ತೀರಿಕೊಂಡರು. ತಾಯಿಯ ಹಿಂದೆ ಮುದ್ದಯ್ಯನೂ ಹೋದ. ಬಾಗಿಲಲ್ಲೇ ನಿಂತ.

"ಅಜ್ಜ ತೀರಿಕೊಂಡರು ಅಂತ ಯಾರು ಹೇಳಿದ್ದು?"

"ನಾನೇ ಹೇಳ್ತಿದ್ದೀನಲ್ಲಪ್ಪ, ಅವರ ಮಗ!"

"ನೀವು ಮನೆಯವರು, ಲೆಕ್ಕಕ್ಕಿಲ್ಲ. ಸಂಬಂಧವಿಲ್ಲದ ಇಬ್ಬರು ಬಂದು ಹೇಳುವವರೆಗೂ ಅಜ್ಜ ಬದುಕಿದ್ದಾರೆ!"

ಅಳುತ್ತಿದ್ದವರು ಅಳು ನಿಲ್ಲಿಸಿ ಅಜ್ಜನ ಮುಖ ನೋಡಿದರು. ಕಮಲಾಕ್ಷಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಗನನ್ನು ಮನೆಗೆ ಎಳೆದುಕೊಂಡು ಬಂದರು.

"ನನ್ನ ಹಣೆಬರಹವೇ! ಆ ನಿಯಮ ಲೇಖನಕ್ಕೆ ಕಣೋ, ಹೆಣಕ್ಕಲ್ಲ! ಹೊನ್ನಜ್ಜಿಯ ಋಣದಲ್ಲಿ ಇಲ್ಲದವರನ್ನು ಊರಲ್ಲಿ ಹುಡುಕು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರಿ. ನಾನಾಗಲಿ ನೀನಾಗಲಿ ಒಂದಕ್ಷರ ಸೇರಿಸಬಾರದು. ನಾವು ಸಂಬಂಧಪಟ್ಟವರು."

"ಹಾಗೇ ಆಗಲಿ ಅಮ್ಮ."

ಹುಡುಕಿದ. "ನೀವು ಯಾರ ಕೈಯಲ್ಲಿ ಹುಟ್ಟಿದಿರಿ?" "ಹೊನ್ನಜ್ಜಿ ಕೈಯಲ್ಲಿ." ಕ್ಷೌರದವನು ಹೊನ್ನಜ್ಜಿ ಕೈಯಲ್ಲಿ. ಪೂಜಾರಿ ಹೊನ್ನಜ್ಜಿ ಕೈಯಲ್ಲಿ. ಬೇರೆ ಊರಿನಿಂದ ಬಂದ ಪೋಸ್ಟ್‌ಮಾಸ್ಟರೂ "ನನ್ನ ಮಗಳು ಹುಟ್ಟಿದ್ದು ಅವಳ ಕೈಯಲ್ಲೇ" ಎಂದುಬಿಟ್ಟರು. ಸುತ್ತಿ ಸುತ್ತಿ ಸುಸ್ತಾದ ಮುದ್ದಯ್ಯನಿಗೆ ತಟ್ಟನೆ ಹೊಳೆಯಿತು. ಹೊನ್ನಜ್ಜಿಯ ಮನೆಗೇ ಓಡಿದ.

"ಅಜ್ಜೀ, ಈ ಊರಲ್ಲಿ ನಿನ್ನ ಕೈಯಲ್ಲಿ ಹುಟ್ಟದವಳು ನೀನೊಬ್ಬಳೇ! ನೀನೇ ಹೇಳಬೇಕು."

ಅಜ್ಜಿ ಅವನ ತಲೆ ತಡವಿದಳು. "ಮುದ್ದನಾ? ಕಾಲು ಮುಂದೆ ಮಾಡಿಕೊಂಡು ಬಂದವನಲ್ಲವೇನೋ ನೀನು? ಇನ್ನೂ ಹಾಗೇ ಇದ್ದೀಯ."

"ಹೊಗಳಬೇಡ ಅಜ್ಜಿ. ಎರಡೂ ಕಡೆ ಹೇಳು."

ಅಜ್ಜಿ ಗೋಡೆಗೆ ಒರಗಿ ಕೂತಳು. ಆಮೇಲೆ ಹೇಳಿದಳು: "ಹೆತ್ತವರು ಅವರು. ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೇ. ಬದುಕಿದವರು ಬೀದಿಯಲ್ಲಿ ಓಡಾಡ್ತಾರೆ, ಅವರನ್ನು ಬರೆದು ಏನಾಗಬೇಕು? ಏಳು ಕೂಸು ಉಳೀಲಿಲ್ಲ ಕಣಪ್ಪ. ಅವನ್ನು ಬರಿ. ಅವು ಬಂದು ಹೋದದ್ದು ಎಲ್ಲೂ ಇಲ್ಲ." ಒಂದೊಂದನ್ನೂ ಹೇಳಿದಳು. ಮುದ್ದಯ್ಯ ಪಟಪಟ ಒತ್ತಿದ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ.

ಮಾರನೆಯ ದಿನ ಅದೂ ಮಾಯ! 'ಆಧಾರ ಪ್ರಕಟವಾಗಿರಬೇಕು. ಯಾರು ಬೇಕಾದರೂ ನೋಡುವಂತಿರಬೇಕು.' ಕಮಲಾಕ್ಷಮ್ಮ ಚೀಟಿ ಓದಿ ನಿಟ್ಟುಸಿರು ಬಿಟ್ಟರು. ಅಳಿಸಿದ ಲೇಖನದಲ್ಲಿ ಏನಿತ್ತು ಎಂದು ಕೇಳುವ ಚೈತನ್ಯವೂ ಆಕೆಗಿರಲಿಲ್ಲ. "ಎಲ್ಲರಿಗೂ ಕಾಣುವ ಕಡೆ ಇರಬೇಕಂತಪ್ಪ. ಅದು ನಮ್ಮ ಕೈಲಾಗದ ಕೆಲಸ."

"ಹಾಗೇ ಆಗಲಿ ಅಮ್ಮ."

ಮರುದಿನ ಬೆಳಗ್ಗೆ ಪಾರ್ವತಕ್ಕ ಓಡಿ ಬಂದಳು. "ಮೇಷ್ಟ್ರಮ್ಮಾ, ನಿಮ್ಮ ಮಗ ಸಂತೆಮಾಳದ ಗೋಡೆ ತುಂಬ ಏನೋ ಗೀಚಿದ್ದಾನೆ!"

ಬಕೆಟ್ಟು, ಪೊರಕೆ ಹಿಡಿದು ಕಮಲಾಕ್ಷಮ್ಮ ಹೊರಟರು. ಗೋಡೆಯ ಮುಂದೆ ಜನ. ಕಟ್ಟೆಯ ಮೇಲೆ ಹೊನ್ನಜ್ಜಿ. ತಪ್ಪಿದ್ದರೆ ಹೇಳಲಿ ಎಂದು ಮುದ್ದಯ್ಯನೇ ಕರೆತಂದು ಕೂರಿಸಿದ್ದ. ಗೋಡೆಯ ಮೇಲೆ ಕೆಮ್ಮಣ್ಣಿನ ದಪ್ಪ ಅಕ್ಷರ.

"ಏನು ಬರೆದಿದ್ದಾನೆ ತಾಯಿ? ಓದು" ಎಂದಳು ಹೊನ್ನಜ್ಜಿ.

ಕಮಲಾಕ್ಷಮ್ಮ ಬಕೆಟ್ಟು ಕೆಳಗಿಟ್ಟು, ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದರು. 'ಹೊನ್ನಜ್ಜಿ, ಸೂಲಗಿತ್ತಿ. ಹೆತ್ತವರು ಅವರು. ನಾನು ಪಕ್ಕದಲ್ಲಿ ಕೂತಿದ್ದೆ. ಗೌರಮ್ಮನ ಗಂಡುಕೂಸು, ಬೇಸಿಗೆ, ಅರ್ಧ ದಿನ.' ಗುಂಪಿನಲ್ಲಿದ್ದ ಮುದುಕಿ ಗೌರಮ್ಮ ಮುಂದೆ ಬಂದು ಆ ಸಾಲಿನ ಮೇಲೆ ಅಂಗೈ ಇಟ್ಟಳು. ಕಮಲಾಕ್ಷಮ್ಮ ಓದುತ್ತಾ ಹೋದರು. ಏಳನೆಯ ಕೂಸಿನ ಸಾಲಿಗೆ ಬಂದರು.

'ಕಮಲಾಕ್ಷಮ್ಮನ ಹೆಣ್ಣುಕೂಸು, ಮುದ್ದಯ್ಯನಿಗಿಂತ ಮೊದಲು, ಒಂದು ಹಗಲು.'

ಮೂವತ್ತನಾಲ್ಕು ವರ್ಷ ಆ ಮಾತನ್ನು ಆಕೆ ಯಾರೊಂದಿಗೂ ಆಡಿರಲಿಲ್ಲ. ಪೊರಕೆ ಜಾರಿತು. ಆಕೆ ಬಾಗಿ ಕೆಮ್ಮಣ್ಣಿನ ಕುಂಚ ಎತ್ತಿಕೊಂಡರು.

"ಅಮ್ಮಾ, ಮುಟ್ಟಬೇಡ!" ಮುದ್ದಯ್ಯ ಕೈ ಅಡ್ಡ ಹಿಡಿದ. "ನೀನು ಸಂಬಂಧಪಟ್ಟವಳು!"

"ಹೌದು ಮಗಾ. ಸರಿ, ನೀನೇ ಬರಿ. ಅವಳ ಹೆಸರು ವಿಮಲೆ."

ಮುದ್ದಯ್ಯ ಬರೆದ. ಒಂದು ಗಳಿಗೆ ಯೋಚಿಸಿದ. ಹೇಳಿದ್ದು ಯಾರು? ಅಮ್ಮ. ಮನೆಯವರು. ಲೆಕ್ಕಕ್ಕಿಲ್ಲ.

ಕುಂಚವನ್ನು ಮತ್ತೆ ಅದ್ದಿ, ನಾಲಿಗೆ ಕಚ್ಚಿಕೊಂಡು, ವಿಮಲೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ: 'ಆಧಾರ ಬೇಕಾಗಿದೆ.'