ಕಮ್ಮಾರ ಹೊಡೆದ ಕಡವೆ

"ತಾಯಿ, ನಾನು ಇನ್ನು ಶಿಷ್ಯರನ್ನು ಸ್ವೀಕರಿಸಬಹುದೇ?" ಎಂದು ಅಡಿವೆಪ್ಪ ಕೇಳಿದ.

ಅವನು ಆ ಗುರುತಾಯಿಯ ಬಳಿ ಹನ್ನೊಂದು ವರ್ಷದಿಂದ ಇದ್ದ. ಈಚೆಗೆ ಹೊರಗಿನ ಊರುಗಳಿಗೆ ಹೋಗಿ ಉಪದೇಶ ಮಾಡುತ್ತಿದ್ದ. ಆ ವಾರ ಅವನ ಮಾತು ಕೇಳಿದ ಮೂವರು ಮನೆ ಬಿಟ್ಟು ಅವನ ಹಿಂದೆಯೇ ಬಂದುಬಿಟ್ಟಿದ್ದರು. ಒಬ್ಬ ನೇಕಾರ, ಒಬ್ಬ ಗಾಣಿಗ, ಒಬ್ಬಳು ವಿಧವೆ. ಮೂವರೂ ಜಗಲಿಯ ಮೇಲೆ ಕುಳಿತಿದ್ದರು.

"ಅವರ ಊಟವಾಯಿತೇ?" ಎಂದರು ಗುರುತಾಯಿ.

"ಕೇಳಲಿಲ್ಲ ತಾಯಿ."

"ಹೋಗಿ ಬಡಿಸಿ ಬಾ. ಆಮೇಲೆ ಹೇಳುತ್ತೇನೆ."

ಅಡಿವೆಪ್ಪ ಬಡಿಸಿ ಬಂದು ಕುಳಿತ. ಗುರುತಾಯಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಆ ಊರಿನ ಬೇಟೆಗಾರರ ಬಾಣದ ಅಲಗುಗಳೆಲ್ಲ ಅವನ ಕುಲುಮೆಯಲ್ಲೇ ಆಗುತ್ತಿದ್ದವು. ಇಪ್ಪತ್ತು ವರ್ಷ ಅಲಗು ಬಡಿದರೂ ಅವನು ಒಂದು ದಿನವೂ ಬಿಲ್ಲು ಹಿಡಿದವನಲ್ಲ. ಬೇಟೆಗಾರರು ಅಲಗಿಗೆಂದು ಬಂದಾಗ ತಿದಿಯ ಪಕ್ಕದಲ್ಲಿ ಕುಳಿತು ಮಾತಿಗೆ ತೊಡಗುತ್ತಿದ್ದರು. ಗಾಳಿ ಯಾವ ಕಡೆಯಿಂದ ಬೀಸಿದರೆ ಎಲ್ಲಿ ನಿಲ್ಲಬೇಕು, ಎಷ್ಟು ಹೆಜ್ಜೆಯಿಂದ ಹೆದೆ ಎಳೆಯಬೇಕು, ಮುಂಗಾಲಿನ ಹಿಂದೆ ಎಷ್ಟು ಬೆರಳು ಬಿಟ್ಟು ಹೊಡೆಯಬೇಕು, ಎಲ್ಲವನ್ನೂ ಅವನು ಸುತ್ತಿಗೆ ಆಡಿಸುತ್ತಲೇ ಕೇಳಿ ಕಲಿತ. ಬೇಟೆಯ ವಿಷಯದಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ ಎನ್ನಿಸಿತು. ಆದರೆ ಜನ ಕುಲುಮೆಗೆ ಬರುತ್ತಿದ್ದುದು ಬೇಟೆಗೆ ಹೋಗುವ ಮುಂಚೆ. ಬೇಟೆಯಿಂದ ಬಂದವರು ಮೈಕೈ ನೋವೆಂದು ಮನೆಯಲ್ಲಿ ಮಲಗಿರುತ್ತಿದ್ದರು. ಅವರ ಮಾತು ಅವನ ಕಿವಿಗೆ ಬೀಳಲೇ ಇಲ್ಲ.

ಸುಗ್ಗಿಯಾದ ಮೇಲೆ ಕಾಡಿನಿಂದ ಕಡವೆ ತಂದು ಮನೆಮನೆಗೂ ಪಾಲು ಹಂಚುವುದು ಆ ಊರಿನ ಪದ್ಧತಿ. ಹಂಚುವಾಗ ಬೇಟೆಗಾರರು ಕಟ್ಟೆಯ ಮೇಲೆ ಕೂಡುತ್ತಿದ್ದರು. ಕಮ್ಮಾರ ಕೆಳಗೆ ಎಲೆ ಹಿಡಿದು ನಿಲ್ಲುತ್ತಿದ್ದ. "ನನ್ನ ಅಲಗಿಲ್ಲದಿದ್ದರೆ ಇವರು ಕಡವೆಗೆ ಕಲ್ಲು ಹೊಡೆಯಬೇಕಿತ್ತು" ಎಂದು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದ. ಕಡೆಗೊಂದು ವರ್ಷ ತಾನೇ ಹೋಗುವುದೆಂದು ಗಟ್ಟಿ ಮಾಡಿದ.

ಅದಕ್ಕೆ ಕಟ್ಟಳೆಯಿತ್ತು. ಹೊಸಬ ಒಬ್ಬನೇ ಹೋಗಬೇಕು. ತಂದವನಿಗೆ ಕಟ್ಟೆಯ ಮೇಲೆ ಜಾಗ. ಬರಿಗೈಯಲ್ಲಿ ಬಂದವನು ಮರುವರ್ಷ ಮತ್ತೆ ಹೋಗಬಹುದು. ಆದರೆ ಕೊಂದ ಪ್ರಾಣಿಯನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟವನು ಬದುಕಿರುವ ತನಕ ಬಿಲ್ಲು ಮುಟ್ಟುವಂತಿಲ್ಲ.

ಕಮ್ಮಾರ ಒಂದು ವರ್ಷ ಸಿದ್ಧತೆ ಮಾಡಿದ. ತಾನೇ ಬಿದಿರು ಆರಿಸಿ ಬಿಲ್ಲು ಕಟ್ಟಿದ. ಹುಣಸೆಯ ಕೊಂಬೆಗೆ ನೂಲಿನಲ್ಲಿ ನಿಂಬೆಹಣ್ಣು ತೂಗುಬಿಟ್ಟು, ದಿನವೂ ಬೆಳಗ್ಗೆ ಅದಕ್ಕೆ ಬಾಣ ಬಿಟ್ಟ. ಮೊದಲು ಹತ್ತು ಹೆಜ್ಜೆಯಿಂದ, ಆಮೇಲೆ ಇಪ್ಪತ್ತರಿಂದ. ವರ್ಷ ತುಂಬುವ ಹೊತ್ತಿಗೆ ಗಾಳಿಗೆ ಓಲಾಡುವ ಹಣ್ಣನ್ನು ನಲವತ್ತು ಹೆಜ್ಜೆಯಿಂದ ಹೊಡೆಯುತ್ತಿದ್ದ. ಒಣಗಿದೆಲೆಯ ಮೇಲೆ ಸದ್ದಾಗದಂತೆ ನಡೆಯುವುದನ್ನು ಕಲಿತ. ಮೈಯಲ್ಲಿ ಹೊಗೆಯ ವಾಸನೆ ಉಳಿಯಬಾರದೆಂದು ಹದಿನೈದು ದಿನ ಕುಲುಮೆಯನ್ನೇ ಹೊತ್ತಿಸಲಿಲ್ಲ.

ಹೊರಡುವ ಹಿಂದಿನ ದಿನ ಅವನು ಊರಿನ ಮುದುಕಿಯೊಬ್ಬಳ ಬಳಿಗೆ ಹೋದ. ತನ್ನ ಕಾಲದಲ್ಲಿ ಹದಿನಾರು ಕಡವೆ ತಂದವಳು ಅವಳು. ಅವಳ ಬಾಯಿಂದ ಒಂದು ಮೆಚ್ಚುಗೆಯ ಮಾತು ಬರಲಿ ಎಂಬ ಆಸೆಯಿಂದ, ಬಾಣ ನಟ್ಟ ನಿಂಬೆಹಣ್ಣನ್ನು ತೋರಿಸಿದ.

"ಉಪ್ಪಿನಕಾಯಿಗಾದರೂ ಆಗುತ್ತಿತ್ತು. ತೂತು ಮಾಡಿಟ್ಟೆಯಲ್ಲ" ಎಂದಳು ಮುದುಕಿ. ಆಮೇಲೆ, "ಒಂದು ಕೆಲಸ ಮಾಡು ಮಗಾ. ನೀನು ಕಬ್ಬಿಣ ಬಡಿಯುವ ಅಡಿಗಲ್ಲಿನಷ್ಟು ತೂಕದ ಮರಳನ್ನು ಚೀಲಕ್ಕೆ ತುಂಬಿ, ಹೊಳೆಯಿಂದ ನನ್ನ ಬಾಗಿಲಿಗೆ ಹೊತ್ತು ತಾ. ಒಂದೇ ಹಗಲಿನಲ್ಲಿ ನಾಲ್ಕು ಸಲ. ನಿನ್ನಿಂದ ಆದರೆ ಬೇಟೆಗೆ ಹೋಗು. ಆಗದಿದ್ದರೆ ಬರುವ ವರ್ಷ ನೋಡೋಣ" ಎಂದಳು.

"ನಾನು ಹೊರಟಿರುವುದು ಬೇಟೆಗೆ ಅಜ್ಜಿ. ನಿನ್ನ ಗೋಡೆ ಕಟ್ಟುವುದಕ್ಕಲ್ಲ."

"ನನ್ನ ಗೋಡೆ ಗಟ್ಟಿಯಾಗಿಯೇ ಇದೆ. ಹದಿನಾರು ತಂದೆ ಅಂತ ಊರೆಲ್ಲ ಹೇಳುತ್ತದೆ. ಎದುರಿಗೆ ನಿಂತದ್ದನ್ನು ನೋಡಿ ಹಾಗೆಯೇ ಬಿಟ್ಟು ಬಂದದ್ದಕ್ಕೆ ಲೆಕ್ಕವೇ ಇಲ್ಲ."

ಕಮ್ಮಾರನಿಗೆ ಒಳಗೊಳಗೇ ನಗು ಬಂತು. ಗುರಿ ತಪ್ಪಿ ಓಡಿಹೋದದ್ದನ್ನು ಮುದುಕಿ ಬಿಟ್ಟು ಬಂದೆ ಎನ್ನುತ್ತಾಳೆ ಎಂದುಕೊಂಡ. ಮರಳು ಹೊರಲಿಲ್ಲ. ಬೆಳಗಾಗುತ್ತಲೇ ಹೊರಟ.

ಅಂದು ಮಧ್ಯಾಹ್ನವೇ ಮೊದಲ ಗುಡ್ಡದ ಬುಡದಲ್ಲಿ ಒಂದು ಕಡವೆ ಕಂಡಿತು. ಎಳೆಯದು, ಕೊಂಬು ಗೇಣುದ್ದ. ಹೊಡೆದಿದ್ದರೆ ಸಂಜೆಗೆ ಊರು ಸೇರಬಹುದಿತ್ತು. ತನ್ನ ಅಲಗಿಗೆ ತಕ್ಕದ್ದಲ್ಲವೆಂದು ಕಮ್ಮಾರ ಅದನ್ನು ಬಿಟ್ಟ. ದೊಡ್ಡ ಗೊರಸಿನ ಜಾಡು ಹಿಡಿದು ಒಂದು ಗುಡ್ಡ ಹತ್ತಿಳಿದ, ಎರಡನೆಯದನ್ನು ಹತ್ತಿಳಿದ, ಮೂರನೆಯದನ್ನೂ ದಾಟಿದ. ನಾಲ್ಕನೆಯ ದಿನ ಬೆಳಗ್ಗೆ ಕೊಳ್ಳದ ನೀರಿಗೆ ಕಡವೆ ಬಂತು. ಅಷ್ಟು ದೊಡ್ಡದನ್ನು ಆ ಊರಿನ ಯಾರೂ ತಂದಿರಲಿಲ್ಲ. ಗಾಳಿ ಅವನ ಮುಖಕ್ಕೆ ಬೀಸುತ್ತಿತ್ತು. ಮೂವತ್ತು ಹೆಜ್ಜೆ. ಅವನು ಹೆದೆ ಎಳೆದು ಬಿಟ್ಟ. ಕಡವೆ ಒಂದೇ ನೆಗೆತ ನೆಗೆದು, ನಾಲ್ಕು ಮಾರು ಓಡಿ ಬಿತ್ತು.

ಒಂದು ವರ್ಷ ಕಲಿತದ್ದೆಲ್ಲ ಅಷ್ಟರಲ್ಲಿ ಮುಗಿದುಹೋಯಿತು.

ಕಮ್ಮಾರ ಹತ್ತಿರ ಹೋಗಿ ಅದನ್ನು ಮಗ್ಗುಲು ತಿರುಗಿಸಲು ನೋಡಿದ. ಕದಲಲಿಲ್ಲ. ಹೆಗಲು ಕೊಟ್ಟು ನೂಕಿದ. ಆಗ ಮೊದಲ ಸಲ ಅವನು ತಲೆಯೆತ್ತಿ ತಾನು ಇಳಿದು ಬಂದ ಗುಡ್ಡವನ್ನು ನೋಡಿದ.

ಕತ್ತಿ ಚೆನ್ನಾಗಿತ್ತು, ಅವನೇ ಮಾಡಿದ್ದು. ಸುಲಿದು, ಕಡಿದು, ನಾಲ್ಕು ಹೊರೆ ಮಾಡಿದ. ಮೊದಲ ತೊಡೆಯನ್ನು ಹೊತ್ತು ಹತ್ತಿದ. ಇಪ್ಪತ್ತು ಹೆಜ್ಜೆಗೊಮ್ಮೆ ಇಳಿಸಿದ. ಗುಡ್ಡದ ನೆತ್ತಿಯಲ್ಲಿ ಅದನ್ನು ಮರಕ್ಕೆ ಕಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಇಳಿದು ಹೋಗಿ ಎರಡನೆಯದನ್ನು ತಂದ. ಸಂಜೆಯಾಯಿತು. ಮೂರನೆಯದಕ್ಕೆ ಕಾಲು ಏಳಲಿಲ್ಲ. ಮರುದಿನ ಬೆಳಗ್ಗೆ ಕೊಳ್ಳಕ್ಕೆ ಇಳಿದಾಗ ಸೀಳುನಾಯಿಗಳು ಬಂದು ಹೋಗಿದ್ದವು. ಕೊಂಬು ಮಾತ್ರ ಉಳಿದಿತ್ತು. ಅವನು ಅದನ್ನು ಮುಟ್ಟಲಿಲ್ಲ.

ಮರಕ್ಕೆ ಕಟ್ಟಿದ್ದ ಎರಡು ತೊಡೆಗಳನ್ನು ಸರದಿಯ ಮೇಲೆ ಹೊತ್ತ. ಒಂದನ್ನು ಒಯ್ದಿಟ್ಟು, ಹಿಂದಕ್ಕೆ ಬಂದು ಇನ್ನೊಂದನ್ನು ಹೊತ್ತ. ಒಂದು ಗುಡ್ಡವನ್ನು ಮೂರು ಸಲ ನಡೆದಂತಾಯಿತು. ಮೂರನೆಯ ದಿನ ಒಂದು ತೊಡೆ ನಾರಿತು. ಅದನ್ನು ಬಿಟ್ಟ. ಇನ್ನೊಂದನ್ನು ಹೊತ್ತು ಊರ ಹೊಳೆಗೆ ಬಂದಾಗ ಅದಕ್ಕೂ ನೊಣ ಮುತ್ತಿತ್ತು.

ಹೊಳೆಯ ದಂಡೆಯಲ್ಲಿ ಅವನು ಬಹಳ ಹೊತ್ತು ನಿಂತ. ಅದನ್ನು ನೀರಿಗೆ ಎಸೆದು ಬರಿಗೈಯಲ್ಲಿ ಹೋದರೆ, ಏನೂ ಸಿಗಲಿಲ್ಲವೆಂದರೆ, ನಂಬದವರು ಯಾರೂ ಇರಲಿಲ್ಲ. ಬರುವ ವರ್ಷ ಮತ್ತೆ ಹೋಗಬಹುದಿತ್ತು. ಅವನ ಕೈಗೆ ಬಂದಿದ್ದ ಗುರಿ ಊರಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅವನು ಆ ನಾರುವ ಹೊರೆಯನ್ನು ಹೊತ್ತುಕೊಂಡೇ ಊರೊಳಗೆ ಬಂದ. ಕಟ್ಟೆಯ ಮುಂದೆ ಇಳಿಸಿದ. ಯಾರೂ ಏನೂ ಕೇಳುವ ಮೊದಲೇ ಬಿಲ್ಲಿನ ಹೆದೆ ಬಿಚ್ಚಿ, ಎರಡನ್ನೂ ಅದರ ಪಕ್ಕದಲ್ಲಿಟ್ಟ.

ಮುದುಕಿ ಎದ್ದು ಬಂದಳು. "ಗುರಿ ತಪ್ಪಿತೇನೋ ಮಗಾ?" ಎಂದಳು.

"ಇಲ್ಲ ಅಜ್ಜಿ" ಎಂದ ಕಮ್ಮಾರ. "ತಪ್ಪಿದ್ದರೆ ಅದು ಬದುಕಿರುತ್ತಿತ್ತು."

ಗುರುತಾಯಿ ಅಲ್ಲಿಗೆ ಕತೆ ನಿಲ್ಲಿಸಿದರು.

ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. "ಕಮ್ಮಾರ ಸುಳ್ಳು ಹೇಳಲಿಲ್ಲವಲ್ಲ ತಾಯಿ. ಊರಿನವರು ಅವನನ್ನು ಕ್ಷಮಿಸಬಹುದಿತ್ತು" ಎಂದ.

"ಕ್ಷಮಿಸಿದರು. ಅದರಿಂದ ಕಡವೆ ಏಳಲಿಲ್ಲ."

ಜಗಲಿಯಲ್ಲಿ ಯಾರೋ ಕೆಮ್ಮಿದರು. ಗುರುತಾಯಿ ಆ ಕಡೆಗೊಮ್ಮೆ ನೋಡಿ, ತಿರುಗಿ ಶಿಷ್ಯನನ್ನು ನೋಡಿದರು.

"ನಿನ್ನ ಒಂದು ಮಾತಿಗೆ ಮನೆ ಬಿಟ್ಟು ಬಂದ ಆ ಮೂವರನ್ನು, ಅಡಿವೆಪ್ಪಾ, ನೀನು ಹೊತ್ತು ಎಷ್ಟು ಗುಡ್ಡ ದಾಟಬಲ್ಲೆ?"