ನ್ಯಾಯಾಧೀಶರು ಓದದ ಓಲೆಗಳು

"ಗುರುಗಳೇ, ಯಾರು ಯಾರಿಗೆ ಫೋನ್ ಮಾಡಿದರು ಎಂಬ ದಾಖಲೆಯನ್ನು ಕಂಪನಿಗಳು ವರ್ಷಗಟ್ಟಲೆ ಕೂಡಿಡುವಂತಿಲ್ಲ ಎಂದು ನ್ಯಾಯಾಲಯವೊಂದು ಹೇಳಿದೆಯಂತೆ. ಮಾತನ್ನೇನೂ ಕದ್ದು ಕೇಳುವುದಿಲ್ಲವಲ್ಲ. ತಪ್ಪು ಮಾಡದವರಿಗೆ ಅದರಿಂದ ಏನು ತೊಂದರೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಜನರ ಓಲೆಗಳನ್ನು ಮನೆಮನೆಗೆ ಮುಟ್ಟಿಸುವ ಓಲೆಕಾರನಿದ್ದ. ಒಮ್ಮೆ ಊರಿನಲ್ಲಿ ಕಳವಾಯಿತು. ಕೊತ್ವಾಲ ಅವನನ್ನು ಕರೆಸಿ, "ಇನ್ನು ಮೇಲೆ ಯಾರಿಂದ ಯಾರಿಗೆ ಓಲೆ ಹೋಯಿತು ಎಂದು ಕಡತದಲ್ಲಿ ಬರೆದಿಡು. ಓಲೆ ಒಡೆಯುವುದು ಬೇಡ" ಎಂದ. ಒಡೆಯದಿದ್ದ ಮೇಲೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ಓಲೆಕಾರ ಎರಡು ವರ್ಷ ಚಾಚೂ ತಪ್ಪದೆ ಬರೆದ.

ಕಳ್ಳ ಸಿಗಲಿಲ್ಲ. ಕಡತ ತಿರುವಿದವರ ಕಣ್ಣಿಗೆ ಬಿದ್ದವಳು ಒಬ್ಬ ಕುಂಬಾರಗಿತ್ತಿ. ಅವಳಿಂದ ಕುಷ್ಠರೋಗದ ವೈದ್ಯನಿಗೆ ಮೂರು ಓಲೆ ಹೋಗಿದ್ದವು. ಮಾತು ಬಾಯಿಂದ ಬಾಯಿಗೆ ಹರಡಿತು. ಸಂತೆಯಲ್ಲಿ ಅವಳ ಮಡಕೆ ಮುಟ್ಟುವವರಿಲ್ಲ. ಒಲೆ ಹೊತ್ತಿಸಲು ದಿನಾ ಕೆಂಡ ಕೊಡುತ್ತಿದ್ದ ನೆರೆಮನೆಯವರೂ ಬಾಗಿಲು ಹಾಕಿಕೊಂಡರು.

ಓಲೆಕಾರನಿಗೆ ಅನ್ನ ಸೇರದಾಯಿತು. ಕಳವು ಮಾಡಿದವನು ತಾನೇ ಎಂಬಷ್ಟು ನಾಚಿಕೆಯಾಯಿತು. ಕಡತವನ್ನು ಕಂಕುಳಲ್ಲಿಟ್ಟುಕೊಂಡು, ಕುಂಬಾರಗಿತ್ತಿಯನ್ನೂ ಕರೆದುಕೊಂಡು ನ್ಯಾಯಾಧೀಶರ ಮುಂದೆ ಹೋಗಿ ನಿಂತ. ಅವಳು ಆ ಮೂರು ಓಲೆಗಳನ್ನು ವೈದ್ಯನಿಂದ ವಾಪಸು ತರಿಸಿಕೊಂಡಿದ್ದಳು. "ಬುದ್ಧಿ, ನೀವೇ ಓದಿ ಊರಿಗೆ ಹೇಳಿಬಿಡಿ. ನಂಗೆ ಬ್ಯಾರೆ ದಾರಿ ಕಾಣ್ತಿಲ್ಲ" ಎಂದು ಮುಂದೆ ಹಿಡಿದಳು.

ನ್ಯಾಯಾಧೀಶರು ಕೈ ಚಾಚಲಿಲ್ಲ. "ನಿನ್ನ ಹತ್ತಿರವೇ ಇರಲಿ ತಾಯಿ. ಇವತ್ತು ನಾನು ಇವನ್ನು ಓದಿದರೆ, ನಾಳೆ ಊರಿನ ಪ್ರತಿಯೊಬ್ಬರೂ ತಂತಮ್ಮ ಓಲೆ ಹಿಡಿದು ಇಲ್ಲಿ ನಿಲ್ಲಬೇಕಾಗುತ್ತದೆ" ಎಂದರು.

ಕೊತ್ವಾಲನಿಗೆ ಅಪ್ಪಣೆಯಾಯಿತು. ಯಾರ ಮೇಲೆ ಅನುಮಾನವಿದೆಯೋ ಅವನ ಹೆಸರು, ಅದಕ್ಕೆ ಕಾರಣ ಎರಡನ್ನೂ ಮೊದಲು ನ್ಯಾಯಾಧೀಶರಿಗೆ ಹೇಳಬೇಕು. ಅವರು ಒಪ್ಪಿದರೆ ಅವನೊಬ್ಬನ ಓಲೆಗಳ ವಿವರವನ್ನು ಒಂದು ತಿಂಗಳು ಬರೆಸಬಹುದು. ಈಗಿರುವ ಕಡತವನ್ನು ಸುಡಬೇಕು.

ನ್ಯಾಯಾಧೀಶರು ಅಷ್ಟಕ್ಕೇ ಏಳಲಿಲ್ಲ. ಆ ಹೆಂಗಸು ಮಾಡಿದ ಒಂದು ಹೂಜಿ ತರಿಸಿದರು. ನೀರು ತುಂಬಿಸಿ, ಇಡೀ ಊರಿನ ಎದುರು ಕುಡಿದರು. ಓಲೆಕಾರ ಎಷ್ಟೋ ದೊಡ್ಡವರ ಬಾಗಿಲು ತಟ್ಟಿದ್ದ, ಇಂಥ ದೊಡ್ಡತನವನ್ನು ಎಲ್ಲೂ ಕಂಡಿರಲಿಲ್ಲ. ಅವನ ಕಣ್ಣು ತುಂಬಿತು. ಅಂಗಳಕ್ಕೆ ಹೋಗಿ ಕಡತಕ್ಕೆ ತಾನೇ ಬೆಂಕಿ ಇಟ್ಟ.

ಶಿಷ್ಯ ತಲೆದೂಗಿದ. ಆದರೂ "ಅಷ್ಟಕ್ಕೂ ಆ ಓಲೆಗಳಲ್ಲಿ ಏನಿತ್ತು ಗುರುಗಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಅವಳ ನೆರೆಮನೆಯವರು ಕೇಳಿದ್ದೂ ಇದನ್ನೇ."